ಸೊಂಟದ ಪಿಸ್ತೂಲು ಊರನ್ನು ಕಾಯಬಲ್ಲುದೇ?

2012ರ ಡಿಸೆಂಬರ್ 14ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನಲ್ಲಿ ಯುವಕನೊಬ್ಬ ರೈಫಲ್ ಹಿಡಿದು ಪ್ರಾಥಮಿಕ ಶಾಲೆಗೆ ನುಗ್ಗಿದ. 20 ಪುಟ್ಟ ಮಕ್ಕಳನ್ನೂ ಅವರನ್ನು ಕಾಯಬೇಕಾಗಿದ್ದ 6 ಮಂದಿ ಹಿರಿಯರನ್ನೂ ಕೊಂದ. ಅದಾಗಿ ಒಂದು ವಾರಕ್ಕೆ, ಆ ದೇಶದ ಬಂದೂಕುದಾರರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ಮುಖಂಡ ವೇಯ್ನ್ ಲಾಪಿಯರ್ ಪತ್ರಕರ್ತರ ಮುಂದೆ ನಿಂತು, ಬಂದೂಕು ಹಿಡಿದ ಕೆಟ್ಟವನನ್ನು ತಡೆಯಬಲ್ಲವನು ಬಂದೂಕು ಹಿಡಿದ ಒಳ್ಳೆಯವನು ಮಾತ್ರ ಎಂದು ಸಾರಿದರು. ಮಾತು ಚಿಕ್ಕದು, ಕೇಳಿದೊಡನೆ ತಲೆಯಲ್ಲಿ ಉಳಿಯುವಂಥದು. ಅಲ್ಲಿಂದೀಚೆಗೆ ಇಂಥ ಹತ್ಯಾಕಾಂಡ ನಡೆದಾಗಲೆಲ್ಲ ಅದು ಮತ್ತೆ ಕೇಳಿಬರುತ್ತದೆ. ಆ ಅಂಗಡಿಯಲ್ಲಿ, ಆ ಚರ್ಚಿನಲ್ಲಿ, ಆ ಶಾಲೆಯಲ್ಲಿ ಒಬ್ಬರ ಬಳಿಯಾದರೂ ಬಂದೂಕು ಇದ್ದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ ಎನ್ನುತ್ತಾರೆ. ಸಾವಿರಾರು ಕನ್ನಡ ಕುಟುಂಬಗಳು ಇಂದು ಆ ದೇಶದಲ್ಲಿ ನೆಲೆ ನಿಂತಿವೆ. ಅವರ ಮಕ್ಕಳು ಶಾಲೆಯಲ್ಲಿ ಓದು ಬರಹದ ಜೊತೆಗೆ, ಬಂದೂಕುಧಾರಿ ಬಂದರೆ ಬಾಗಿಲು ಭದ್ರಪಡಿಸಿ, ದೀಪ ಆರಿಸಿ, ಸದ್ದಿಲ್ಲದೆ ಮೂಲೆಯಲ್ಲಿ ಕೂರುವುದನ್ನೂ ಅಭ್ಯಾಸ ಮಾಡುತ್ತಾರೆ. ಹಾಗಾಗಿ ಲಾಪಿಯರ್ ಹೇಳಿದ ಮಾತು ನಿಜವೇ ಎಂದು ಕೇಳುವ ಹಕ್ಕೂ ಹೊಣೆಯೂ ನಮಗಿದೆ. ಸಾಮಾನ್ಯ ನಾಗರಿಕರು ಶಸ್ತ್ರ ಹಿಡಿದು ಓಡಾಡಿದರೆ ಸಾರ್ವಜನಿಕ ಸ್ಥಳದಲ್ಲಿ ನಡೆಯುವ ಸಾಮೂಹಿಕ ಹತ್ಯೆಯನ್ನು ತಡೆಯಬಹುದೇ? ಭಾವಾವೇಶಕ್ಕೆ ಒಳಗಾಗದೆ, ನಡೆದ ಘಟನೆಗಳನ್ನೇ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಮೊದಲು ಆ ವಾದಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. 1991ರ ಅಕ್ಟೋಬರ್ 16ರಂದು ಟೆಕ್ಸಸ್ ರಾಜ್ಯದ ಕಿಲೀನ್ ಊರಿನಲ್ಲಿ ಒಬ್ಬ ತನ್ನ ವಾಹನವನ್ನು ಲೂಬಿಸ್ ಎಂಬ ಹೋಟೆಲಿನ ಕಿಟಕಿಗೆ ನುಗ್ಗಿಸಿ, ಊಟಕ್ಕೆ ಬಂದಿದ್ದವರಲ್ಲಿ 23 ಜನರನ್ನು ಗುಂಡಿಕ್ಕಿ ಕೊಂದ. ಅಲ್ಲಿದ್ದ ಸುಝಾನಾ ಹಪ್ ಅವರ ಬಳಿ ಒಂದು ಕೈಬಂದೂಕಿತ್ತು. ಅದನ್ನು ಮರೆಮಾಡಿಕೊಂಡು ಒಯ್ಯುವುದು ಆಗಿನ ಕಾನೂನಿಗೆ ವಿರುದ್ಧವಾಗಿದ್ದರಿಂದ ಹೊರಗೆ ಕಾರಿನಲ್ಲೇ ಬಿಟ್ಟುಬಂದಿದ್ದರು. ಅಂದು ಅವರ ತಂದೆತಾಯಿ ಇಬ್ಬರೂ ಹತರಾದರು. ಮುಂದೆ ಆಕೆ ರಾಜ್ಯದ ಶಾಸಕಿಯಾದರು. 1995ರಲ್ಲಿ ಟೆಕ್ಸಸ್ ಪರವಾನಗಿ ಪಡೆದವರು ಬಂದೂಕನ್ನು ಮೈಮೇಲೆ ಒಯ್ಯಲು ಅನುಮತಿ ನೀಡಿದ್ದರ ಹಿಂದೆ ಆಕೆಯ ಸಾಕ್ಷ್ಯದ ಬಲವೂ ಇತ್ತು. 2019ರ ಡಿಸೆಂಬರ್ 29ರಂದು ಅದೇ ರಾಜ್ಯದ ವೈಟ್ ಸೆಟಲ್‌ಮೆಂಟ್ ಊರಿನ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಒಬ್ಬ ಗುಂಡು ಹಾರಿಸಲು ಎದ್ದಾಗ, ಚರ್ಚಿನ ಕಾವಲಿಗೆ ಸ್ವಇಚ್ಛೆಯಿಂದ ನಿಂತಿದ್ದ ಜಾಕ್ ವಿಲ್ಸನ್ ಒಂದೇ ಗುಂಡಿಗೆ ಅವನನ್ನು ಕೆಡವಿದರು. ಆರಂಭದಿಂದ ಅಂತ್ಯದವರೆಗೆ ಕಳೆದದ್ದು ಸುಮಾರು 6 ಸೆಕೆಂಡು. 2022ರ ಜುಲೈ 17ರಂದು ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಪಾರ್ಕ್ ಮಾಲ್‌ನಲ್ಲಿ 22 ವರ್ಷದ ಯುವಕನೊಬ್ಬ, ಮೂವರನ್ನು ಕೊಂದಿದ್ದ ರೈಫಲ್‌ಧಾರಿಯನ್ನು ಸುಮಾರು 40 ಗಜ ದೂರದಿಂದ ತನ್ನ ಪಿಸ್ತೂಲಿನಿಂದಲೇ ಹೊಡೆದುರುಳಿಸಿದ. ಹಾರಿಸಿದ 10 ಗುಂಡುಗಳಲ್ಲಿ 8 ಗುರಿ ಮುಟ್ಟಿದವು. ಅವನಿಗೆ ಪೊಲೀಸ್ ತರಬೇತಿಯಾಗಲಿ ಸೇನೆಯ ಹಿನ್ನೆಲೆಯಾಗಲಿ ಇರಲಿಲ್ಲ. ಅಂದು ಅವನಿಂದ ಬದುಕಿ ಉಳಿದವರ ಮನೆಗಳಲ್ಲಿ ಅವನಿಗೆ ಸಲ್ಲುವ ಕೃತಜ್ಞತೆಯನ್ನು ಯಾರೂ ಅಲ್ಲಗಳೆಯಲಾರರು. ಆದ್ದರಿಂದ ಶಸ್ತ್ರ ಹಿಡಿದ ನಾಗರಿಕ ಎಂದೂ ಹತ್ಯೆಯನ್ನು ತಡೆಯಲಾರ ಎನ್ನುವುದು ಸುಳ್ಳು. ತಡೆದದ್ದುಂಟು. ಎಷ್ಟು ಸಲ ತಡೆದಿದ್ದಾನೆ, ಯಾವ ಸಂದರ್ಭದಲ್ಲಿ, ಎಷ್ಟು ಬೆಲೆ ತೆತ್ತು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಎಷ್ಟು ಸಲ ಎಂಬುದಕ್ಕೆ ದಾಖಲೆಗಳಿವೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2000ದಿಂದ 2013ರವರೆಗೆ ಜನರಿದ್ದ ಜಾಗಗಳಲ್ಲಿ ನಡೆದ 160 ಗುಂಡಿನ ದಾಳಿಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ 90 ದಾಳಿಗಳು ಮುಗಿದದ್ದು ಹಂತಕನ ಇಚ್ಛೆಯಿಂದಲೇ. ಅವನು ತನ್ನನ್ನೇ ಕೊಂದುಕೊಂಡ, ಇಲ್ಲವೇ ಓಡಿಹೋದ, ಇಲ್ಲವೇ ಹೊಡೆಯುವುದನ್ನು ನಿಲ್ಲಿಸಿದ. 21 ದಾಳಿಗಳಲ್ಲಿ ಬರಿಗೈಯ ನಾಗರಿಕರು ಹಂತಕನನ್ನು ಹಿಡಿದು ಕೆಡವಿದರು. ಪೊಲೀಸರಲ್ಲದ ಶಸ್ತ್ರಧಾರಿಗಳ ಗುಂಡಿಗೆ ದಾಳಿ ಕೊನೆಗೊಂಡದ್ದು 5 ಸಲ. ಆ ಐದರಲ್ಲೂ ನಾಲ್ಕು ಕಡೆ ಗುಂಡು ಹಾರಿಸಿದವರು ಕಾವಲುಗಾರರು, ಒಂದು ಕಡೆ ಮಾತ್ರ ಪರವಾನಗಿ ಹೊಂದಿದ್ದ ಸಾಮಾನ್ಯ ನಾಗರಿಕ. ಟೆಕ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೊಲೀಸರಿಗೆ ಇಂಥ ದಾಳಿಗಳನ್ನು ಎದುರಿಸುವ ತರಬೇತಿ ನೀಡುವ ಕೇಂದ್ರವೊಂದಿದೆ. ಅದರ ಸಂಶೋಧಕರು 2000ದಿಂದ 2021ರವರೆಗಿನ 433 ದಾಳಿಗಳನ್ನು ಕಲೆಹಾಕಿದಾಗ, 249 ದಾಳಿಗಳು ಪೊಲೀಸರು ಬರುವ ಮೊದಲೇ ಮುಗಿದಿದ್ದವು. ಸ್ಥಳದಲ್ಲಿದ್ದವರೇ ಹಂತಕನನ್ನು ತಡೆದದ್ದು 64 ಸಲ. ಅದರಲ್ಲಿ 42 ಸಲ ಕೈಯಿಂದಲೇ ಹಿಡಿದು ಮಣಿಸಿದರು, 22 ಸಲ ಗುಂಡು ಹೊಡೆದರು. ಆ 22ರಲ್ಲಿ ಕಾವಲುಗಾರರನ್ನೂ ಕರ್ತವ್ಯದಲ್ಲಿಲ್ಲದ ಪೊಲೀಸರನ್ನೂ ಬಿಟ್ಟರೆ ಉಳಿದ ನಾಗರಿಕರು 12. ಎಂದರೆ 433 ದಾಳಿಗಳಲ್ಲಿ 12, ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ನಾಗರಿಕರ ಕೈಯಲ್ಲಿರುವ ಬಂದೂಕುಗಳು ಸುಮಾರು 39 ಕೋಟಿ ಎಂದು ಅಂದಾಜಾಗಿರುವ ದೇಶದ ಮಾತಿದು. ಅಲ್ಲಿ ಬಂದೂಕುಗಳ ಸಂಖ್ಯೆ ಜನಸಂಖ್ಯೆಗಿಂತ ಹೆಚ್ಚು. ಶಸ್ತ್ರಸಜ್ಜಿತ ನಾಗರಿಕರಿಂದ ಈ ಪಿಡುಗು ನಿಲ್ಲುವಂತಿದ್ದರೆ ಲೋಕದಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲಬೇಕಾಗಿದ್ದುದು ಅಲ್ಲಿಯೇ.

ಈ ಲೆಕ್ಕಕ್ಕೆ ಆಕ್ಷೇಪಗಳಿವೆ. ಅರ್ಥಶಾಸ್ತ್ರಜ್ಞ ಜಾನ್ ಲಾಟ್ ಮತ್ತು ಅವರ ಪಕ್ಷದವರು ಹೇಳುವುದು ಹೀಗೆ: ನಾಗರಿಕನೊಬ್ಬ ಆರಂಭದಲ್ಲೇ ಹೊಡೆದು ನಿಲ್ಲಿಸಿದ ದಾಳಿ ಸುದ್ದಿಯಾಗುವುದಿಲ್ಲ, ಪಟ್ಟಿಗೂ ಸೇರುವುದಿಲ್ಲ. ಅಲ್ಲದೆ ಹಲವು ದಾಳಿಗಳು ಬಂದೂಕು ನಿಷೇಧಿಸಿದ ಜಾಗಗಳಲ್ಲಿ ನಡೆದಿರುವುದರಿಂದ ಅಲ್ಲಿ ನಾಗರಿಕರಿಗೆ ಅವಕಾಶವೇ ಇರಲಿಲ್ಲ. ಅವರ ಎಣಿಕೆಯಲ್ಲಿ ನಾಗರಿಕರ ಪಾಲು ಹಲವು ಪಟ್ಟು ಹೆಚ್ಚು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ತಪ್ಪಿದ ದುರಂತ ಎಣಿಕೆಯಿಂದ ಜಾರಿಹೋಗುವುದು ಸಹಜ. ಆದರೆ 12ರ ಬದಲು ಅದರ ಮೂರು ಪಟ್ಟು ಎಂದು ಇಟ್ಟುಕೊಂಡರೂ 433ರಲ್ಲಿ ಅದು ಹತ್ತರಲ್ಲೊಂದು ಪಾಲನ್ನು ಮುಟ್ಟುವುದಿಲ್ಲ. ಇನ್ನು ನಿಷೇಧಿತ ಜಾಗದ ಮಾತು. 2019ರ ಆಗಸ್ಟ್ 3ರಂದು ಟೆಕ್ಸಸ್‌ನ ಎಲ್ ಪಾಸೋದಲ್ಲಿ 23 ಜನ ಬಲಿಯಾದದ್ದು ಪರವಾನಗಿದಾರರು ಬಂದೂಕು ಒಯ್ಯಬಹುದಾಗಿದ್ದ ವಾಲ್‌ಮಾರ್ಟ್ ಅಂಗಡಿಯಲ್ಲಿ. 2023ರ ಮೇ 6ರಂದು ಅದೇ ರಾಜ್ಯದ ಆ್ಯಲನ್ ಊರಿನ ಮಳಿಗೆಗಳ ಸಾಲಿನಲ್ಲಿ, ಭಾರತದಿಂದ ಹೋಗಿದ್ದ ಒಬ್ಬ ಯುವ ಇಂಜಿನಿಯರ್ ಸೇರಿ 8 ಜನ ಸತ್ತಾಗ, ಆ ರಾಜ್ಯದಲ್ಲಿ ಕೈಬಂದೂಕು ಒಯ್ಯಲು ಪರವಾನಗಿಯೇ ಬೇಡವೆಂಬ ಕಾನೂನು ಬಂದು ಒಂದೂವರೆ ವರ್ಷ ಕಳೆದಿತ್ತು. ಆ ಹಂತಕನನ್ನು ಕೊಂದವರು ಬೇರೆ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಪೊಲೀಸ್ ಅಧಿಕಾರಿ. ಬಂದೂಕಿಗೆ ಅನುಮತಿಯಿದ್ದ ಮಾತ್ರಕ್ಕೆ ಬೇಕಾದ ಹೊತ್ತಿಗೆ, ಬೇಕಾದ ಮೂಲೆಯಲ್ಲಿ, ಸಿದ್ಧನಾದ ನಾಗರಿಕ ನಿಂತಿರುತ್ತಾನೆಂಬ ಭರವಸೆಯಿಲ್ಲ.

ನಿಂತಿದ್ದರೂ ಅವನಿಗೆ ಸಿಗುವ ಸಮಯವೆಷ್ಟು? ಎಫ್‌ಬಿಐ ಅಧ್ಯಯನದಲ್ಲಿ ಕಾಲಾವಧಿ ಖಚಿತವಾಗಿ ತಿಳಿದಿದ್ದ 63 ದಾಳಿಗಳಲ್ಲಿ 44 ದಾಳಿಗಳು 5 ನಿಮಿಷದೊಳಗೆ ಮುಗಿದಿದ್ದವು, ಅವುಗಳಲ್ಲೂ 23 ಎರಡು ನಿಮಿಷದೊಳಗೆ. 2019ರ ಆಗಸ್ಟ್ 4ರ ನಡುರಾತ್ರಿ ಕಳೆದ ಮೇಲೆ ಒಹಾಯೋ ರಾಜ್ಯದ ಡೇಟನ್ ನಗರದ ಬೀದಿಯಲ್ಲಿ ಒಬ್ಬ ಗುಂಡು ಹಾರಿಸತೊಡಗಿದ. ಪೊಲೀಸರು ಅಲ್ಲಿಯೇ ಗಸ್ತಿನಲ್ಲಿದ್ದರು. ತರಬೇತಿ ಪಡೆದವರು, ಸಮವಸ್ತ್ರದಲ್ಲಿದ್ದವರು, ಕೈಯಲ್ಲಿ ಶಸ್ತ್ರವಿದ್ದವರು. ಸುಮಾರು 30 ಸೆಕೆಂಡಿನಲ್ಲಿ ಅವನನ್ನು ಹೊಡೆದುರುಳಿಸಿದರು. ಇದಕ್ಕಿಂತ ಬೇಗ ಯಾವ ನಾಗರಿಕ ಏನು ಮಾಡಬಲ್ಲ? ಆದರೂ ಅಷ್ಟರಲ್ಲಿ 9 ಜನ ಸತ್ತಾಗಿತ್ತು. ಅವನ ಕೈಯಲ್ಲಿದ್ದುದು ನೂರು ಗುಂಡು ಹಿಡಿಸುವ ಮ್ಯಾಗಝಿನ್ ಜೋಡಿಸಿದ ಬಂದೂಕು. ವೈಟ್ ಸೆಟಲ್‌ಮೆಂಟ್ ಚರ್ಚಿನ ಆ 6 ಸೆಕೆಂಡಿನಲ್ಲೂ ಇಬ್ಬರು ಪ್ರಾಣ ಬಿಟ್ಟರು. ಅವರಲ್ಲೊಬ್ಬರು ಕಾವಲು ತಂಡದವರೇ. ತಮ್ಮ ಪಿಸ್ತೂಲನ್ನು ಹೊರತೆಗೆಯುತ್ತಿರುವಾಗಲೇ ಗುಂಡಿಗೆ ಬಲಿಯಾದರು. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ಹಂತಕ ಹೋಟೆಲಿನ 32ನೇ ಅಂತಸ್ತಿನ ಕಿಟಕಿಯಿಂದ ಕೆಳಗಿನ ಸಂಗೀತ ಸಭೆಯ ಮೇಲೆ ಹತ್ತು ನಿಮಿಷಗಳಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಸುರಿಸಿದ. ಕೆಳಗಿದ್ದ ಸಾವಿರಾರು ಜನರೆಲ್ಲರ ಸೊಂಟದಲ್ಲೂ ಪಿಸ್ತೂಲಿದ್ದರೂ ಒಬ್ಬರನ್ನೂ ಉಳಿಸಲಾಗುತ್ತಿರಲಿಲ್ಲ. ದಾಳಿಕೋರ ತನಗೆ ಬೇಕಾದ ಜಾಗ, ಹೊತ್ತು, ಆಯುಧ ಎಲ್ಲವನ್ನೂ ಮೊದಲೇ ಆರಿಸಿಕೊಂಡು ಬಂದಿರುತ್ತಾನೆ. ತಡೆಯುವವನಾದರೋ ಕೈಯಲ್ಲಿ ತರಕಾರಿ ಚೀಲ ಹಿಡಿದೋ ಮಗುವನ್ನೆತ್ತಿಕೊಂಡೋ ಇರುವಾಗ, ಮೊದಲ ಗುಂಡಿನ ಸದ್ದು ಕೇಳಿದ ಮೇಲಷ್ಟೇ ಎಚ್ಚರಗೊಳ್ಳುತ್ತಾನೆ.

ಇನ್ನು ಗುರಿಯ ವಿಷಯ. ಗುಂಡು ಹೊಡೆಯುವ ಅಭ್ಯಾಸದ ಮೈದಾನದಲ್ಲಿ ಕಾಗದದ ಗುರಿ ಅಲುಗಾಡುವುದಿಲ್ಲ, ತಿರುಗಿ ಹೊಡೆಯುವುದೂ ಇಲ್ಲ. ನಿಜವಾದ ಗುಂಡಿನ ಚಕಮಕಿಯಲ್ಲಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ದೃಷ್ಟಿ ಕಿರಿದಾಗುತ್ತದೆ. ನ್ಯೂಯಾರ್ಕ್ ನಗರದ ಪೊಲೀಸರ ಬಂದೂಕು ತರಬೇತಿಯನ್ನು ರ‍್ಯಾಂಡ್ ಸಂಸ್ಥೆ ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. 1998ರಿಂದ 2006ರವರೆಗೆ, ಎದುರಾಳಿ ತಿರುಗಿ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡುಗಳು ಗುರಿ ಮುಟ್ಟಿದ ಪ್ರಮಾಣ ಶೇಕಡಾ 18. ಎದುರಾಳಿ ಹೊಡೆಯದಿದ್ದಾಗಲೂ ಅದು ಶೇಕಡಾ 30ನ್ನು ಮೀರಲಿಲ್ಲ. ಉಳಿದ ಗುಂಡುಗಳೆಲ್ಲ ಎಲ್ಲಿಗೋ ಹೋಗಿ ಬಿದ್ದಿರಲೇಬೇಕಲ್ಲ? 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದಿನ ಜನನಿಬಿಡ ಕಾಲುದಾರಿಯಲ್ಲಿ ಇಬ್ಬರು ಪೊಲೀಸರು ಒಬ್ಬ ಕೊಲೆಗಾರನತ್ತ 16 ಗುಂಡು ಹಾರಿಸಿದಾಗ ಅವನೂ ಸತ್ತ, ದಾರಿಹೋಕರಲ್ಲಿ 9 ಮಂದಿಗೆ ಗಾಯವೂ ಆಯಿತು. ಆ ಗಾಯಗಳೆಲ್ಲ ಆದದ್ದು ಪೊಲೀಸರ ಗುಂಡು ಮತ್ತು ಅದರ ಚೂರುಗಳಿಂದ. ವರ್ಷವರ್ಷವೂ ಅಭ್ಯಾಸ ಮಾಡಬೇಕಾದ ಪೊಲೀಸರ ಕಥೆಯೇ ಹೀಗಿರುವಾಗ, 29 ರಾಜ್ಯಗಳಲ್ಲಿ ಇಂದು ಪರವಾನಗಿಯಿಲ್ಲದೆ, ಎಂದರೆ ಒಂದು ಗಂಟೆಯ ತರಬೇತಿಯೂ ಕಡ್ಡಾಯವಲ್ಲದೆ, ಬಂದೂಕನ್ನು ಮರೆಮಾಡಿಕೊಂಡು ಓಡಾಡಬಹುದಾಗಿದೆ. ಗ್ರೀನ್‌ವುಡ್ ಯುವಕನ ಕೈ ನಡುಗಲಿಲ್ಲ ನಿಜ. ಅವನ ಸಾಧನೆ ಇಷ್ಟು ಬೆರಗು ಹುಟ್ಟಿಸುವುದು ಅದು ಅಷ್ಟು ಅಪರೂಪವಾದ್ದರಿಂದಲೇ. ಜಾಕ್ ವಿಲ್ಸನ್ ಸಾಮಾನ್ಯ ಭಕ್ತರಾಗಿರಲಿಲ್ಲ. ಇತರರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದವರು, ಹಿಂದೆ ಶೆರಿಫ್ ಕಚೇರಿಯಲ್ಲಿ ಮೀಸಲು ಸಿಬ್ಬಂದಿಯಾಗಿ ಸೇವೆ ಸಲ್ಲಿಸಿದವರು. ಅಂಥ ಕೈಗಳ ಯಶಸ್ಸನ್ನು ತೋರಿಸಿ ತರಬೇತಿಯೇ ಇಲ್ಲದ ಲಕ್ಷಾಂತರ ಕೈಗಳಿಗೆ ಬಂದೂಕು ಕೊಡುವುದು ನ್ಯಾಯವಾದ ತರ್ಕವಲ್ಲ.

ಗುರಿಗಿಂತಲೂ ಕಷ್ಟದ ಕೆಲಸ ಗುರುತು. ಒಳ್ಳೆಯವನು, ಕೆಟ್ಟವನು ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. 2011ರ ಜನವರಿ 8ರಂದು ಅರಿಝೋನಾದ ಟೂಸಾನ್‌ನಲ್ಲಿ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವರ ಸಭೆಯ ಮೇಲೆ ದಾಳಿಯಾದಾಗ, ಹತ್ತಿರದ ಅಂಗಡಿಯಿಂದ ಒಬ್ಬ ನಾಗರಿಕ ತನ್ನ ಪಿಸ್ತೂಲಿನೊಂದಿಗೆ ಓಡಿಬಂದ. ಎದುರಿಗೆ ಬಂದೂಕು ಹಿಡಿದಿದ್ದವನನ್ನು ಕಂಡು ಅವನೇ ಹಂತಕನೆಂದುಕೊಂಡ. ವಾಸ್ತವವಾಗಿ ಅವನು ಹಂತಕನ ಕೈಯಿಂದ ಬಂದೂಕು ಕಿತ್ತುಕೊಂಡಿದ್ದ ವ್ಯಕ್ತಿ. ಓಡಿಬಂದವನು ಗುಂಡು ಹಾರಿಸದೆ ತಡೆದುಕೊಂಡದ್ದರಿಂದ ಇನ್ನೊಂದು ಸಾವು ತಪ್ಪಿತು. 2021ರ ಜೂನ್ 21ರಂದು ಕೊಲೊರಾಡೋದ ಆರ್ವಾಡಾದಲ್ಲಿ ಆ ಅದೃಷ್ಟವಿರಲಿಲ್ಲ. ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದಿದ್ದ ಹಂತಕನನ್ನು ನಾಗರಿಕರೊಬ್ಬರು ಧೈರ್ಯದಿಂದ ಹೊಡೆದು ಕೆಡವಿದರು, ಅವನ ರೈಫಲನ್ನು ಎತ್ತಿಕೊಂಡರು. ಆ ಗಳಿಗೆಗೆ ಬಂದ ಪೊಲೀಸರು ಅವರನ್ನೇ ಹಂತಕನೆಂದು ತಿಳಿದು ಕೊಂದರು. 2018ರ ನವೆಂಬರ್ ಒಂದೇ ತಿಂಗಳಲ್ಲಿ, ಇಲಿನಾಯ್ ರಾಜ್ಯದ ರಾಬಿನ್ಸ್‌ನಲ್ಲಿ ಶಂಕಿತನನ್ನು ಹಿಡಿದು ಕೆಡವಿದ್ದ ಕಾವಲುಗಾರನೊಬ್ಬನೂ, ಅಲಬಾಮಾದ ಹೂವರ್ ಮಾಲ್‌ನಲ್ಲಿ ಪಿಸ್ತೂಲು ಹಿಡಿದಿದ್ದ ಯುವಕನೊಬ್ಬನೂ ಪೊಲೀಸರ ಗುಂಡಿಗೆ ಬಲಿಯಾದರು. ಇಬ್ಬರೂ ಕಪ್ಪು ವರ್ಣೀಯರು ಎಂಬುದನ್ನು ಹೇಳದೆ ಬಿಡುವುದು ಅಪ್ರಾಮಾಣಿಕತೆಯಾದೀತು. ಬಂದೂಕು ಹಿಡಿದ ಒಳ್ಳೆಯವನೆಂಬ ಮನ್ನಣೆ ಅಮೆರಿಕದಲ್ಲಿ ಎಲ್ಲ ಚರ್ಮದ ಬಣ್ಣಕ್ಕೂ ಒಂದೇ ಬಗೆಯಾಗಿ ಸಿಗುವುದಿಲ್ಲ. 2015ರಲ್ಲಿ ಆರೆಗಾನ್‌ನ ಅಂಪ್‌ಕ್ವಾ ಕಾಲೇಜಿನಲ್ಲಿ 9 ಜನ ಹತರಾದ ದಿನ, ಆವರಣದಲ್ಲಿ ಪಿಸ್ತೂಲು ಹೊಂದಿದ್ದ ಮಾಜಿ ಸೈನಿಕ ವಿದ್ಯಾರ್ಥಿಯೊಬ್ಬ ಇದ್ದ. ತಾನು ಮುನ್ನುಗ್ಗಿದರೆ ಪೊಲೀಸರು ತನ್ನನ್ನೇ ಹೊಡೆದಾರೆಂದು ಅವನು ಜಾಗ ಬಿಟ್ಟು ಕದಲಲಿಲ್ಲ. ಅದು ಅಂಜಿಕೆಯಲ್ಲ, ಅನುಭವಸ್ಥನ ವಿವೇಕ. ಮತ್ತೆ, ಹಂತಕ ಒಬ್ಬನೇ ಎಂದು ಹೇಳುವವರಾರು? 2014ರ ಜೂನ್‌ನಲ್ಲಿ ಲಾಸ್ ವೇಗಸ್‌ನ ವಾಲ್‌ಮಾರ್ಟ್‌ನಲ್ಲಿ ಬಂದೂಕುಧಾರಿಯನ್ನು ಎದುರಿಸಲು ಹೋದ ನಾಗರಿಕನನ್ನು, ಗಿರಾಕಿಯಂತೆ ಹಿಂದೆ ಇದ್ದ ಹಂತಕನ ಹೆಂಡತಿ ಹೊಡೆದು ಕೊಂದಳು.

ಇಲ್ಲಿ ಬಲವಾದ ಪ್ರತಿವಾದವೊಂದು ಎದುರಾಗುತ್ತದೆ. ಪೊಲೀಸರನ್ನು ನಂಬಿ ಕೂರುವುದಾದರೂ ಹೇಗೆ? 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯ ಶಾಲೆಗೆ 376 ಮಂದಿ ಶಸ್ತ್ರಸಜ್ಜಿತ ಅಧಿಕಾರಿಗಳು ಬಂದರು. ಆದರೂ ಹಂತಕನಿದ್ದ ಕೋಣೆಯೊಳಗೆ ಹೋಗಿ ಅವನನ್ನು ಮುಗಿಸಲು 77 ನಿಮಿಷ ಹಿಡಿಯಿತು. 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. 2018ರ ಫೆಬ್ರವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸಾಯುತ್ತಿರುವಾಗ, ಶಾಲೆಯ ಕಾವಲಿಗಿದ್ದ ಶಸ್ತ್ರಧಾರಿ ಅಧಿಕಾರಿ ಕಟ್ಟಡದೊಳಗೆ ಹೋಗಲೇ ಇಲ್ಲ. ರಕ್ಷಕರೇ ಹೀಗೆ ಕೈಬಿಟ್ಟರೆ ನಾಗರಿಕ ತನ್ನನ್ನು ತಾನೇ ಕಾದುಕೊಳ್ಳಬಾರದೇ ಎಂದು ಕೇಳುತ್ತಾರೆ. ಈ ಪ್ರಶ್ನೆಯ ಹಿಂದಿನ ಸಂಕಟ ನ್ಯಾಯವಾದದ್ದು. ಆದರೆ ಯುವಾಲ್ಡಿ ಏನನ್ನು ಸಾಬೀತುಪಡಿಸುತ್ತದೆ ಎಂಬುದನ್ನು ಗಮನವಿಟ್ಟು ನೋಡಬೇಕು. ಅಲ್ಲಿ ಬಂದೂಕು ಹಿಡಿದ ಒಳ್ಳೆಯವರಿಗೆ ಬರವಿರಲಿಲ್ಲ. ಗುಂಡು ನಿರೋಧಕ ಕವಚವಿತ್ತು, ರೈಫಲ್‌ಗಳಿದ್ದವು, ಸಂಖ್ಯಾಬಲವಿತ್ತು. ಬಾಗಿಲಿನಾಚೆ ಮಿಲಿಟರಿ ಮಾದರಿಯ ಒಂದು ರೈಫಲ್ ಇದೆಯೆಂಬ ಅರಿವೇ ಅಷ್ಟು ಜನರನ್ನು ಹೊರಗೇ ಕಟ್ಟಿಹಾಕಿತು. ಅದಕ್ಕಿಂತ ಕಡಿಮೆ ಆಯುಧ, ಕಡಿಮೆ ತರಬೇತಿ, ಒಂಟಿತನ ಇವಿಷ್ಟೇ ಇರುವ ನಾಗರಿಕನ ಮೇಲೆ ನಾವು ಹೆಚ್ಚಿನ ಭಾರ ಹೊರಿಸುವುದು ಹೇಗೆ? ಪೊಲೀಸರು ಸೋತರೆ ಅವರ ಕರ್ತವ್ಯವನ್ನು ಬಿಗಿಗೊಳಿಸಬೇಕು, ಹೊಣೆಯನ್ನು ನ್ಯಾಯಾಲಯದಲ್ಲಿ ಕೇಳಬೇಕು. ಸೋತ ಕೆಲಸವನ್ನು ತರಕಾರಿ ಕೊಳ್ಳಲು ಬಂದವರ ತಲೆಗೆ ಕಟ್ಟಿ ಸರ್ಕಾರ ಕೈತೊಳೆದುಕೊಳ್ಳಬಾರದು.

ಹಾಗಾದರೆ ಬರಿಗೈಯವರು 42 ಸಲ ಗೆದ್ದದ್ದು ಹೇಗೆ? ನನ್ನ ವಾದದ ತಿರುಳು ಇರುವುದು ಇಲ್ಲಿಯೇ. ಟೂಸಾನ್‌ನ ಹಂತಕ 33 ಗುಂಡಿನ ಮ್ಯಾಗಝಿನ್ ಖಾಲಿ ಮಾಡಿ, ಇನ್ನೊಂದನ್ನು ತುಂಬಿಕೊಳ್ಳಲು ನಿಂತ. ಆ ಒಂದು ಗಳಿಗೆಯಲ್ಲಿ ಜನ ಅವನ ಮೇಲೆ ಬಿದ್ದರು. 60 ದಾಟಿದ ಹೆಂಗಸೊಬ್ಬರು ಅವನ ಕೈಗೆ ಹೊಸ ಮ್ಯಾಗಝಿನ್ ಸಿಗದಂತೆ ಕಿತ್ತುಕೊಂಡರು. 2018ರ ಏಪ್ರಿಲ್‌ನಲ್ಲಿ ನ್ಯಾಷ್‌ವಿಲ್‌ನ ವಾಫಲ್ ಹೌಸ್ ಹೋಟೆಲಿನಲ್ಲಿ, ಹಂತಕ ಗುಂಡು ಹಾರಿಸುವುದನ್ನು ನಿಲ್ಲಿಸಿದ ಒಂದು ಗಳಿಗೆಯಲ್ಲೇ ಯುವಕನೊಬ್ಬ ಹಾರಿ ಅವನ ರೈಫಲ್ ಕಸಿದುಕೊಂಡ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾರ್ಕ್‌ನಲ್ಲಿ 11 ಜನರನ್ನು ಕೊಂದವನು ಪಕ್ಕದ ಊರಿನ ಇನ್ನೊಂದು ನೃತ್ಯಶಾಲೆಗೆ ಬಂದಾಗ, ಅಲ್ಲಿನ ಯುವಕನೊಬ್ಬ ಬರಿಗೈಯಲ್ಲಿ ಸೆಣಸಿ ಬಂದೂಕು ಕಿತ್ತುಕೊಂಡ. ಇವರಿಗೆಲ್ಲ ದೊರೆತದ್ದು ಎರಡೇ ಅನುಕೂಲಗಳು. ಹಂತಕನ ಮೈಗೆ ಕೈ ಎಟುಕುವಷ್ಟು ಸಾಮೀಪ್ಯ, ಅವನ ಬಂದೂಕು ಸುಮ್ಮನಾದ ಒಂದೆರಡು ಕ್ಷಣದ ಬಿಡುವು. ಧೈರ್ಯವಂತೂ ಮೊದಲಿನಿಂದಲೂ ಅವರಲ್ಲಿತ್ತು. ಬರಿಗೈಯವರೆಲ್ಲ ಬದುಕುತ್ತಾರೆಂದು ಹೇಳುತ್ತಿಲ್ಲ. ಲೂಬಿಸ್‌ನಲ್ಲಿ ಸುಝಾನಾ ಹಪ್ ಅವರ ತಂದೆ ಹಂತಕನ ಮೇಲೆ ನುಗ್ಗಿಯೇ ಪ್ರಾಣ ಕಳೆದುಕೊಂಡರು. ಯಾರಿಗೂ ನುಗ್ಗಿ ಎಂದು ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಆದರೆ ಆ ಬಿಡುವು ಹೆಚ್ಚು ಸಲ ಬರುವಂತೆ ಮಾಡುವುದು ಕಾನೂನಿಗೆ ಸಾಧ್ಯ. ಒಂದು ಮ್ಯಾಗಝಿನ್‌ನಲ್ಲಿ 10 ಗುಂಡಿಗಿಂತ ಹೆಚ್ಚು ಇರಕೂಡದೆಂಬ ಮಿತಿ 1994ರಿಂದ 2004ರವರೆಗೆ ಅಮೆರಿಕದಲ್ಲಿ ಹೊಸದಾಗಿ ತಯಾರಾದ ಮ್ಯಾಗಝಿನ್‌ಗಳಿಗೆ ಜಾರಿಯಲ್ಲಿತ್ತು, ಬಳಿಕ ಅದನ್ನು ಮುಂದುವರಿಸಲಿಲ್ಲ. 33 ಗುಂಡು ಮುಗಿಯುವತನಕ ಕಾಯುವುದಕ್ಕೂ 10 ಗುಂಡಿಗೆ ಒಮ್ಮೆ ಬಿಡುವು ಸಿಗುವುದಕ್ಕೂ ಇರುವ ಅಂತರವನ್ನು ಜೀವಗಳಲ್ಲಿ ಎಣಿಸಬೇಕು.

ಮೈಮೇಲಿನ ಬಂದೂಕಿನಿಂದ ಲಾಭ ಅಪರೂಪವಾದರೂ ನಷ್ಟವೇನಿಲ್ಲವಲ್ಲ, ಇದ್ದರೆ ಇರಲಿ ಎಂದು ಕೆಲವರು ಹೇಳಬಹುದು. ನಷ್ಟವಿದೆ. ಸಾಮೂಹಿಕ ಹತ್ಯೆಯನ್ನು ಎದುರಿಸುವ ಗಳಿಗೆ ಬಹುಪಾಲು ಜನರ ಬಾಳಿನಲ್ಲಿ ಬರುವುದೇ ಇಲ್ಲ. ಆ ಗಳಿಗೆಗೆಂದು ಕೊಂಡ ಬಂದೂಕು ಮಾತ್ರ ವರ್ಷದ ಎಲ್ಲ ದಿನವೂ ಮನೆಯಲ್ಲಿ, ಕಾರಿನಲ್ಲಿ, ಕುಡಿತದ ಕೂಟದಲ್ಲಿ, ದಂಪತಿಗಳ ಜಗಳದಲ್ಲಿ, ಮನಸ್ಸು ಕುಸಿದ ಹದಿಹರೆಯದ ಮಗುವಿನ ಕೈಗೆ ಎಟುಕುವಲ್ಲಿ ಇದ್ದೇ ಇರುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, 26,328 ಮಂದಿ, ಆತ್ಮಹತ್ಯೆ ಮಾಡಿಕೊಂಡವರು. ಬಂದೂಕು ಒಯ್ಯುವ ಹಕ್ಕು ವಿಸ್ತರಿಸಿದರೆ ಅಪರಾಧ ಇಳಿಯುತ್ತದೆಂದು ಜಾನ್ ಲಾಟ್ 1998ರಲ್ಲಿ ವಾದಿಸಿದ್ದರು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಎಲ್ಲ ಅಂಕಿಅಂಶಗಳನ್ನು ಜಾಲಾಡಿ, ಇಳಿಯುತ್ತದೆಂದಾಗಲಿ ಏರುತ್ತದೆಂದಾಗಲಿ ಹೇಳಲು ಅವು ಸಾಲವು ಎಂದಿತು. ಆಮೇಲೆ ಇನ್ನಷ್ಟು ವರ್ಷಗಳ ಮಾಹಿತಿ ಸೇರಿಸಿ ಸ್ಟ್ಯಾನ್‌ಫೋರ್ಡ್‌ನ ಜಾನ್ ಡನಹ್ಯೂ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಥ ಕಾನೂನು ಬಂದು ಹತ್ತು ವರ್ಷಕ್ಕೆ ಹಿಂಸಾಪರಾಧ ಇರಬೇಕಾದುದಕ್ಕಿಂತ ಶೇಕಡಾ 13ರಿಂದ 15ರಷ್ಟು ಹೆಚ್ಚಿರುತ್ತದೆಂದು ತೋರಿಸಿತು. ಪಂಡಿತರ ವಾಗ್ವಾದ ಇನ್ನೂ ನಡೆಯುತ್ತಿರಬಹುದು. ಆದರೆ ಹೆಚ್ಚು ಬಂದೂಕು ಹೆಚ್ಚು ನೆಮ್ಮದಿ ತಂದಿತೆಂಬ ವಾದಕ್ಕೆ ಈ ಸಾಕ್ಷ್ಯದಲ್ಲಿ ಆಧಾರ ಸಿಗುವುದಿಲ್ಲ.

ಕನ್ನಡ ಕೇಳುಗರಿಗೆ ಇಲ್ಲಿ ಕೊಡಗು ನೆನಪಾಗಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನೆಮನೆಯಲ್ಲಿ ಕೋವಿಯಿದ್ದರೂ ಅಲ್ಲಿ ಇಂಥ ಹತ್ಯಾಕಾಂಡಗಳಿಲ್ಲ, ಆದ್ದರಿಂದ ದೋಷ ಬಂದೂಕಿನದಲ್ಲ, ಮನುಷ್ಯರದು ಎಂದು ಯಾರಾದರೂ ವಾದಿಸಬಹುದು. ಆದರೆ ಕೊಡಗಿನ ಕೋವಿ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುತ್ತದೆ, ಪುತ್ತರಿ ಹಬ್ಬದಲ್ಲಿ ಹೊಸ ಕದಿರಿಗೆ ಆಕಾಶಕ್ಕೆ ಗುಂಡು ಹಾರಿಸುತ್ತದೆ, ತೋಟವನ್ನು ಕಾಡುಪ್ರಾಣಿಯಿಂದ ಕಾಯುತ್ತದೆ. ಅದಕ್ಕೆ ಕುಟುಂಬದ, ಊರಿನ, ಸಂಪ್ರದಾಯದ ಕಣ್ಗಾವಲಿದೆ. ಹಾಗಿದ್ದೂ ಜಗಳದಲ್ಲಿ, ಆಕಸ್ಮಿಕದಲ್ಲಿ ಜೀವ ಹೋದದ್ದಿಲ್ಲವೆಂದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಡಿಕೇರಿಯ ಸಂತೆಗೆ ಹೋಗುವವರು ಪಕ್ಕದವನು ಹಂತಕನಿರಬಹುದೆಂಬ ಅನುಮಾನದಲ್ಲಿ ಕೋವಿ ತುಂಬಿಕೊಂಡು ಹೋಗುವುದಿಲ್ಲ. ಸಹನಾಗರಿಕನ ಮೇಲಿನ ಅಪನಂಬಿಕೆಯನ್ನೇ ಆಧಾರವಾಗಿಟ್ಟುಕೊಂಡ ಶಸ್ತ್ರಧಾರಣೆಗೆ ಕೊಡಗು ಸಾಕ್ಷಿ ಹೇಳುವುದಿಲ್ಲ.

ಕೊನೆಯದಾಗಿ ಒಂದು ಘಟನೆಯನ್ನು ಪೂರ್ತಿಯಾಗಿ ನೋಡೋಣ. 2017ರ ನವೆಂಬರ್ 5ರಂದು ಟೆಕ್ಸಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಚರ್ಚಿನಲ್ಲಿ ಗುಂಡಿನ ಸದ್ದು ಕೇಳಿ, ನೆರೆಮನೆಯ ಸ್ಟೀಫನ್ ವಿಲ್ಲೆಫರ್ಡ್ ತಮ್ಮ ರೈಫಲ್ ಹಿಡಿದು ಬರಿಗಾಲಲ್ಲಿ ಓಡಿದರು. ಹೊರಗೆ ಬಂದ ಹಂತಕನಿಗೆ ಗುಂಡು ಹೊಡೆದು ಗಾಯಗೊಳಿಸಿದರು, ವಾಹನದಲ್ಲಿ ಬೆನ್ನಟ್ಟಿದರು. ಶಸ್ತ್ರ ಹಿಡಿದ ನಾಗರಿಕನ ಸಾಹಸಕ್ಕೆ ಇದಕ್ಕಿಂತ ಉಜ್ವಲ ಉದಾಹರಣೆ ಸಿಗುವುದು ಕಷ್ಟ. ಇವರೂ ಗುರಿ ಹೊಡೆಯುವುದನ್ನು ಕಲಿಸಿದ್ದವರೇ. ಆದರೆ ಅವರು ಓಡಿ ತಲುಪುವಷ್ಟರಲ್ಲಿ ಒಳಗಿನ ಹತ್ಯಾಕಾಂಡ ಬಹುಪಾಲು ನಡೆದುಹೋಗಿತ್ತು. ಒಂದು ಗರ್ಭಸ್ಥ ಶಿಶುವನ್ನೂ ಸೇರಿಸಿ ಸತ್ತವರ ಸಂಖ್ಯೆ 26. ಆ ಹಂತಕ ಹಿಂದೆ ವಾಯುಪಡೆಯಲ್ಲಿದ್ದವನು. ಹೆಂಡತಿಯನ್ನೂ ಪುಟ್ಟ ಮಗುವನ್ನೂ ಹಿಂಸಿಸಿದ್ದಕ್ಕಾಗಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು. ಅಂಥವನು ಬಂದೂಕು ಕೊಳ್ಳುವಂತಿಲ್ಲವೆಂದು ಕಾನೂನಿದೆ. ಆದರೆ ವಾಯುಪಡೆ ಆ ಶಿಕ್ಷೆಯ ವಿವರವನ್ನು ಎಫ್‌ಬಿಐಗೆ ಕಳಿಸಲೇ ಇಲ್ಲ. ಅಂಗಡಿಯವನು ವಿಚಾರಿಸಿದಾಗ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. 2021ರಲ್ಲಿ ಫೆಡರಲ್ ನ್ಯಾಯಾಧೀಶರು ಈ ಸಾವುನೋವಿಗೆ ಸರ್ಕಾರ ಶೇಕಡಾ 60ರಷ್ಟು ಹೊಣೆ ಎಂದು ತೀರ್ಪಿತ್ತರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದು ಇಂಥದ್ದನ್ನೇ. ಒಂದು ಕಾಗದ ಸಕಾಲದಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿದ್ದರೆ ಅಂಗಡಿಯ ಕಟ್ಟೆಯಲ್ಲೇ ಅವನ ದಾರಿ ಮುಚ್ಚುತ್ತಿತ್ತು.

ಪಾರ್ಕ್‌ಲ್ಯಾಂಡ್ ಹಂತಕನ ಬಗೆಗೂ ಘಟನೆಗೆ ತಿಂಗಳ ಮುಂಚೆ ಎಫ್‌ಬಿಐಗೆ ದೂರವಾಣಿ ದೂರು ಹೋಗಿತ್ತು, ಅದರ ಮೇಲೆ ಕ್ರಮವಾಗಲಿಲ್ಲ. ಆ ದುರಂತದ ನಂತರ ಫ್ಲಾರಿಡಾ ಎಚ್ಚೆತ್ತು, ಅಪಾಯದ ಸುಳಿವು ಕೊಟ್ಟವನ ಬಂದೂಕನ್ನು ನ್ಯಾಯಾಲಯದ ಆದೇಶದಿಂದ ತಾತ್ಕಾಲಿಕವಾಗಿ ವಶಪಡಿಸಿಕೊಳ್ಳುವ ಕಾನೂನು ತಂದಿತು, ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಬಂದೂಕು ಪ್ರೀತಿಸುವ ರಾಜ್ಯದಲ್ಲೇ ಇದು ಸಾಧ್ಯವಾಯಿತು. ಸಂವಿಧಾನದ ಎರಡನೆಯ ತಿದ್ದುಪಡಿ ಕೊಟ್ಟ ಬಂದೂಕಿನ ಹಕ್ಕಿಗೆ ಇದರಿಂದ ಚ್ಯುತಿ ಬರುತ್ತದೆಂದು ಅಮೆರಿಕನ್ನರು ಅಂಜುವುದು ನನಗೆ ಅರ್ಥವಾಗುತ್ತದೆ. ಆದರೆ ಹಕ್ಕಿದೆ ಎನ್ನುವುದು ಒಂದು ಮಾತು, ಆ ಹಕ್ಕು ಜನರನ್ನು ಹತ್ಯಾಕಾಂಡದಿಂದ ಕಾಯುತ್ತದೆ ಎನ್ನುವುದು ಬೇರೆ ಮಾತು. ಮೊದಲನೆಯದನ್ನು ಅವರ ಸಂವಿಧಾನ ಹೇಳುತ್ತದೆ. ಎರಡನೆಯದನ್ನು ಅವರ ಅನುಭವ ಒಪ್ಪುವುದಿಲ್ಲ. ಹಂತಕನಿಗೆದುರಾಗಿ ನಿಂತವರನ್ನು, ಅವರ ಕೈಯಲ್ಲಿ ಬಂದೂಕಿರಲಿ ಇಲ್ಲದಿರಲಿ, ಗೌರವಿಸಲೇಬೇಕು. ಆದರೆ ಅವರ ಸಾಹಸವನ್ನೇ ನೆಚ್ಚಿ ಒಂದು ದೇಶ ತನ್ನ ಮಕ್ಕಳ ರಕ್ಷಣೆಯ ವ್ಯವಸ್ಥೆ ಕಟ್ಟಬಾರದು. ನ್ಯಾಷ್‌ವಿಲ್‌ನಿಂದ ಆರ್ವಾಡಾದವರೆಗೆ ಒಳ್ಳೆಯವರಿಗೂ ಧೈರ್ಯಕ್ಕೂ ಆ ದೇಶದಲ್ಲಿ ಬರವಿಲ್ಲವೆಂದು ಈ ಘಟನೆಗಳೇ ಹೇಳುತ್ತವೆ. ಅವರಿಗೆ ಸಾಲದೆ ಹೋದದ್ದು ಸಮಯ. ಆ ಸಮಯವನ್ನು ಸೊಂಟದ ಪಿಸ್ತೂಲು ಕೊಡಲಾರದು. ಅಂಗಡಿಯ ಕಟ್ಟೆಯಲ್ಲಿ, ದೂರು ಕೇಳಿಸಿಕೊಳ್ಳುವ ಅಧಿಕಾರಿಯ ಮೇಜಿನಲ್ಲಿ, ಮ್ಯಾಗಝಿನ್‌ನ ಅಳತೆಯಲ್ಲಿ, ಮೊದಲ ಗುಂಡು ಹಾರುವುದಕ್ಕೆ ಬಹಳ ಮೊದಲೇ ಅದನ್ನು ಕೊಡಬಲ್ಲದ್ದು ಕಾನೂನು. ಕೊಡಬೇಕಾದದ್ದೂ ಕಾನೂನೇ.